ಗುರುಮಲ್ಲಮ್ಮನ ಹಿತ್ತಲಲ್ಲಿ ಮಲಗಿದ ಕಿಟಕಿ

ನಾನು ಒಂದು ಕಿಟಕಿಯ ಕದ. ತೇಗದ ಚೌಕಟ್ಟು, ಅದರೊಳಗೆ ಆರು ಗಾಜು. ಹುಟ್ಟಿದ್ದು ಊಟಿಯ ಒಂದು ಇಳಿಜಾರಿನಲ್ಲಿ, ಇನ್ನೂ ಹೆಂಚು ಹೊದಿಸದ ಬಂಗಲೆಯೊಂದರ ಅಂಗಳದಲ್ಲಿ. ನನ್ನನ್ನು ಮಾಡಿದ ಆಚಾರಿ ಮೈಸೂರು ಕಡೆಯವನು. ಅಲ್ಲಿನ ಚಳಿಗೆ ಅವನ ಬೆರಳು ಮರಗಟ್ಟಿ ಉಳಿ ಜಾರುತ್ತಿತ್ತು. ಪಕ್ಕದಲ್ಲಿ ಒಂದು ಬಾಣಲೆ ಕೆಂಡ ಇಟ್ಟುಕೊಂಡು, ಆಗಾಗ ಕೈ ಕಾಯಿಸಿಕೊಂಡು, ಬೈದುಕೊಳ್ಳುತ್ತಲೇ ನನ್ನ ಮೂಲೆಗಳನ್ನು ಕೂಡಿಸಿದ. ಕೆಲಸ ಮುಗಿದ ಮೇಲೆ ಮಾತ್ರ ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಪಂಚೆಯ ತುದಿಯಿಂದ ಒರೆಸಿ, ತುಂಬ ಹೊತ್ತು ನೋಡಿದ.

ಬಂಗಲೆ ಮೈಸೂರಿನ ವಕೀಲರೊಬ್ಬರದು. ಅವರ ಸಂಸಾರ ಬರುತ್ತಿದ್ದುದು ಬೇಸಿಗೆಗೆ ಮಾತ್ರ. ಬಂದಾಗ ನನ್ನನ್ನು ತೆರೆಯುತ್ತಿದ್ದರು, ಹೋಗುವಾಗ ಮುಚ್ಚುತ್ತಿದ್ದರು. ನಾನಿದ್ದುದು ಊಟದ ಕೋಣೆಯಲ್ಲಿ. ಅಲ್ಲಿಂದ ಕೆಳಗಿನ ತಗ್ಗು ಕಾಣುತ್ತಿತ್ತು. ತಗ್ಗಿನಲ್ಲಿ ಕೆಲಸದವರ ಸಾಲುಮನೆಗಳು. ಅದನ್ನು ಎಲ್ಲರೂ ಲೈನ್ ಎನ್ನುತ್ತಿದ್ದರು. ಲೈನಿನ ಕೊನೆಯ ಮನೆಯಲ್ಲಿ ಬಂಗಲೆಯ ಮಾಲಿ ರಾಚಪ್ಪ ಇದ್ದ. ಗುಂಡ್ಲುಪೇಟೆ ಹತ್ತಿರದ ಹಳ್ಳಿಯವನು. ಒಂದು ವರ್ಷ ಅವನು ಮದುವೆಯಾಗಿ ಹೆಂಡತಿಯನ್ನು ಕರೆತಂದ. ಬಂದ ವಾರದಲ್ಲೇ ಆ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯ ಹಿಂದೆ ಆಳೆತ್ತರ ಬೆಳೆದಿದ್ದ ಲಂಟಾನದ ಪೊದೆಗಳನ್ನು ಕುಡುಗೋಲಿನಿಂದ ಸವರುತ್ತಿದ್ದುದನ್ನು ನಾನು ಮೇಲಿನಿಂದ ಕಂಡೆ. ಅವಳೇ ಗುರುಮಲ್ಲಮ್ಮ.

ಆಗ ಅವಳು ನನಗೆ ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ಪೊದೆ ಹೋಯಿತು, ಅದರಡಿಯ ಕಲ್ಲು ಹೋಯಿತು, ಕಲ್ಲಿನಡಿಯ ಕೆಂಪು ಜಿಗುಟು ಮಣ್ಣು ಬರಬರುತ್ತ ಕಪ್ಪಾಯಿತು. ಒಲೆಯ ಬೂದಿ, ಉದುರಿದ ಎಲೆ, ಸವಾರಿ ಕುದುರೆಗಳ ಲಾಯದಿಂದ ಅವಳು ಗೋಣಿಚೀಲದಲ್ಲಿ ಹೊತ್ತು ತರುತ್ತಿದ್ದ ಲದ್ದಿ, ಎಲ್ಲವೂ ಆ ನೆಲಕ್ಕೆ ಇಳಿದವು. ಮಗಳು ಹುಟ್ಟಿ, ಬೆಳೆದು, ನಂಜನಗೂಡಿಗೆ ಮದುವೆಯಾಗಿ ಹೋಗುವ ಹೊತ್ತಿಗೆ ಆ ಹಿತ್ತಲಿನಲ್ಲಿ ಆಲೂಗಡ್ಡೆ, ಗಜ್ಜರಿ, ಬೀಟ್‌ರೂಟು, ನವಿಲುಕೋಸು, ಎಲೆಕೋಸು, ಚಪ್ಪರದ ಮೇಲೆ ಸೀಮೆಬದನೆ ಎಲ್ಲ ಇದ್ದವು. ಲೈನಿನ ಮನೆಗಳಿಗೆಲ್ಲ ಕೊತ್ತಂಬರಿ ಅಲ್ಲಿಂದಲೇ ಹೋಗುತ್ತಿತ್ತು.

ವಕೀಲರು ತೀರಿಕೊಂಡರು. ಮಕ್ಕಳು ಬಂಗಲೆಯನ್ನು, ಲೈನನ್ನೂ ಸೇರಿಸಿ, ಹೋಟೆಲಿನವರಿಗೆ ಮಾರಿದರು. ರಾಚಪ್ಪ ಅವರಲ್ಲೂ ಮಾಲಿಯಾಗಿಯೇ ಉಳಿದ. ಹೊಸಬರಿಗೆ ಅಲ್ಯೂಮಿನಿಯಂ ಕಿಟಕಿ ಬೇಕಿತ್ತು. ನನ್ನ ತಿರುಪುಗಳನ್ನು ಬಿಚ್ಚಿ, ಅಂಗಳದ ರಾಶಿಗೆ ಎಸೆದರು. ಬೇಸಿಗೆ ಬಂತೆಂದರೆ ನನ್ನ ಬಳಿ ನಿಂತು ಮಳೆ ನೋಡುತ್ತಿದ್ದ ಮಕ್ಕಳು ಈಗ ದೊಡ್ಡವರು. ಅವರಲ್ಲಿ ಒಬ್ಬರೂ ಅಂದು ಅಲ್ಲಿರಲಿಲ್ಲ. ನನಗೆ ತಡೆಯಲಾಗದಷ್ಟು ನೋವಾಯಿತು. ಗುಜರಿ ಲಾರಿಗೆ ತುಂಬುವಾಗ ಗುರುಮಲ್ಲಮ್ಮ ಓಡಿಬಂದಳು.

"ಅಣ್ಣಾ, ಅದೊಂದ ನಂಗ್ ಬುಡ್ರಣ್ಣ. ಗಾಜು ಒಂದೂ ಒಡೆದಿಲ್ಲ."

"ಯಾವ್ ಗ್ವಾಡೆಗೆ ಹಾಕೀಯಕ್ಕ? ನಿಮ್ಮನೆ ಕಿಟಕೀಗೆ ಇದು ಆಗಾಕಿಲ್ಲ."

"ಗ್ವಾಡೆಗಲ್ಲ ಕನಣ್ಣ, ನೆಲಕ್ಕೆ."

ಲಾರಿಯವನು ನಕ್ಕು ನನ್ನನ್ನು ಕೆಳಗಿಳಿಸಿದ.

ಅವಳು ಹಿತ್ತಲಿನ ಬಿಸಿಲು ಮೂಲೆಯಲ್ಲಿ ಇಟ್ಟಿಗೆಗಳನ್ನು ಚೌಕವಾಗಿ ಜೋಡಿಸಿ, ಒಳಗೆ ಮಣ್ಣು ತುಂಬಿ, ನನ್ನನ್ನು ಅದರ ಮೇಲೆ ಸ್ವಲ್ಪ ವಾಲಿಸಿ ಮಲಗಿಸಿದಳು. ಅಂದಿನಿಂದ ನಾನು ಮನುಷ್ಯರನ್ನು ಕೆಳಗಿನಿಂದ ನೋಡತೊಡಗಿದೆ. ಮೊದಲು ಕಾಲು, ಆಮೇಲೆ ಗಲ್ಲ, ಅದರಾಚೆಗೆ ಆಕಾಶ. ನನ್ನ ಅಡಿಯಲ್ಲಿ ಎಲೆಕೋಸಿನ ಸಸಿ, ಅದರ ಪಕ್ಕದಲ್ಲಿ ಅವಳ ತವರಿನ ಮೆಣಸಿನ ಗಿಡ. ಊಟಿಯ ಚಳಿಗೆ ಮೆಣಸು ಬದುಕುವುದಿಲ್ಲವೆಂದು ಲೈನಿನವರು ಹೇಳುತ್ತಿದ್ದರು. ನನ್ನ ಗಾಜಿನ ಕೆಳಗೆ ಅದು ಹೂ ಬಿಟ್ಟಿತು, ಕಾಯಿ ಕಟ್ಟಿತು. ಅವಳು ಮೊದಲ ಕಾಯಿಯನ್ನು ಕಿತ್ತು ರಾಚಪ್ಪನಿಗೆ ಕೊಟ್ಟಳು. ಅವನು ಮುದ್ದೆಯೊಂದಿಗೆ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, "ನಿಮ್ಮಪ್ಪನ ಮನೇದೇ ಕನೆ, ಅನುಮಾನ ಇಲ್ಲ," ಎಂದ. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕರು. ರಾಚಪ್ಪ ಕೆಟ್ಟವನೆಂದು ನಾನು ಹೇಳಲಾರೆ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ನಾಲ್ಕಾರು ಚಳಿಗಾಲ ಹೀಗೆ ಕಳೆದವು. ಊಟಿಯಲ್ಲಿ ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ, ಒಂದು ದಿನ ಗಾಳಿ ನಿಂತುಬಿಡುತ್ತದೆ. ಆಕಾಶ ತೊಳೆದಿಟ್ಟಂತಾಗುತ್ತದೆ. ಮರುದಿನ ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿ, ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಹಿಮ ಕೂತಿರುತ್ತದೆ. ಚಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುವುದರಿಂದ ಲೈನಿನ ಹಿತ್ತಲಿಗೇ ಅದು ಮೊದಲು ಬೀಳುತ್ತಿತ್ತು. ಬಿಸಿಲು ಬಿದ್ದರೆ ಸಾಕು, ಹಿಮ ತಾಗಿದ ಎಲೆ ಸುಟ್ಟಂತೆ ಕಪ್ಪಾಗುತ್ತದೆ. ಹಾಗಾಗಿ ಗುರುಮಲ್ಲಮ್ಮನಿಗೆ ದಸರಾ ಮುಗಿಯುತ್ತಲೇ ಇನ್ನಿಲ್ಲದ ಕೆಲಸ.

ಆ ವರ್ಷ ಅವಳು ಕೆಲಸ ಶುರುಮಾಡುವ ಮೊದಲೇ ಒಂದು ಮಧ್ಯಾಹ್ನ ಹೋಟೆಲಿನ ಮ್ಯಾನೇಜರು ಕೆಳಗಿಳಿದು ಬಂದರು. ಅವಳು ಲದ್ದಿ ತರಲು ಲಾಯಕ್ಕೆ ಹೋಗಿದ್ದಳು. ಜೊತೆಯಲ್ಲಿ ರಾಚಪ್ಪ ಇದ್ದ. ಮ್ಯಾನೇಜರು ತಿಳಿಯದೆ ತಮ್ಮ ಬೂಟುಕಾಲನ್ನು ನನ್ನ ಚೌಕಟ್ಟಿನ ಮೇಲಿಟ್ಟುಕೊಂಡು ಸುತ್ತ ನೋಡಿದರು.

"ನೋಡು ರಾಚಪ್ಪ, ಗೆಸ್ಟ್‌ಗಳು ಕಾರನ್ನ ರೋಡಲ್ಲೇ ಬಿಟ್ಟು ಬರಬೇಕಾಗಿದೆ. ಸಮ ಇರೋ ಜಾಗ ಅಂದ್ರೆ ಇದೊಂದೇ. ಆದ್ರೆ ಇದು ನಿಮ್ಮನೆಯವರು ಇಷ್ಟು ವರ್ಷ ಮಾಡ್ಕೊಂಡು ಬಂದಿರೋ ತೋಟ. ಬಲವಂತ ಬೇಡ. ಅವರು ಬೇಡ ಅಂದ್ರೆ ಹೇಳು, ಮೇಲುಗಡೆ ನೀಲಗಿರಿ ಮರ ತೆಗೆಸಿ ಅಲ್ಲೇ ಮಾಡೋಣ ಅಂತ ಧಣಿಗಳಿಗೆ ಹೇಳ್ತೀನಿ. ಖರ್ಚು ಜಾಸ್ತಿ, ಅಷ್ಟೇ."

ರಾಚಪ್ಪ ಮೇಲೆ ನೋಡಿದ. ಬಂಗಲೆಯ ಪಕ್ಕದಲ್ಲಿ ಹೊಸದಾಗಿ ಕಟ್ಟಿದ್ದ ಕೋಣೆಗಳು ಅಲ್ಲಿಂದ ಕಾಣುತ್ತಿದ್ದವು. ಹೂದೋಟದ ಮೇಸ್ತ್ರಿಯನ್ನಾಗಿ ಯಾರನ್ನು ಮಾಡಬೇಕೆಂದು ಹೋಟೆಲಿನವರು ಇನ್ನೂ ಗೊತ್ತುಮಾಡಿರಲಿಲ್ಲ. ಆದವನಿಗೆ ಬಿಸಿನೀರು ಬರುವ ಒಂದು ಕೋಣೆ, ಉಣ್ಣೆಯ ಕೋಟು. ಇದನ್ನು ಅವನು ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಹೇಳಿದ್ದನ್ನು ನಾನೂ ಕೇಳಿದ್ದೆ.

"ಅವ್ಳೇ ಹೇಳವ್ಳೆ ಸ್ವಾಮಿ," ಎಂದ ರಾಚಪ್ಪ. "ಸೊಂಟ ಬಗ್ಸಾಕಾಗಲ್ಲ, ಸಾಕಾಗೋಯ್ತು, ಹೋಟ್ಲೋರ್ಗೆ ಬೇಕಾದ್ರೆ ಕೊಟ್ಬುಡಿ ಅಂದ್ಳು."

"ಹೌದಾ? ಅವರೇ ಅಂದ್ರಾ?"

"ಅವ್ಳೇ ಅಂದಿದ್ದು ಸ್ವಾಮಿ."

ಮ್ಯಾನೇಜರ ಮುಖ ಹಗುರಾಯಿತು. "ಹಾಗಾದ್ರೆ ಒಳ್ಳೇದೇ ಆಯ್ತು. ದೀಪಾವಳಿ ಆಗಲಿ, ಆಮೇಲೆ ಮೆಷೀನು ತರಿಸ್ತೀನಿ," ಎಂದು ಬೂಟುಕಾಲು ತೆಗೆದರು.

ಅವರು ಹೋದ ಮೇಲೂ ರಾಚಪ್ಪ ಅಲ್ಲೇ ನಿಂತಿದ್ದ. ಬಗ್ಗಿ, ಬೂಟಿನ ಕೆಸರನ್ನು ನನ್ನ ಚೌಕಟ್ಟಿನಿಂದ ಹೆಬ್ಬೆರಳಲ್ಲಿ ಉಜ್ಜಿ ತೆಗೆದ.

ನನಗೆ ಬಾಯಿಲ್ಲ. ಇದ್ದಿದ್ದರೆ ಅಂದೇ ಕೂಗಿಬಿಡುತ್ತಿದ್ದೆ. ಗುರುಮಲ್ಲಮ್ಮ ಲದ್ದಿಯ ಚೀಲ ಇಳಿಸಿ, ಬೆವರು ಒರೆಸಿಕೊಂಡು, "ಊಟ ಮಾಡುದ್ರಾ?" ಎಂದು ಅವನನ್ನು ಕೇಳಿದಳು. ಅವನು ಮಾಡಿದೆ ಎಂದ. ಬೇರೇನೂ ಹೇಳಲಿಲ್ಲ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ನನ್ನ ಗಾಜು ಮಸುಕಾಗುತ್ತದೆ. ಅವಳು ಆಲೂಗಡ್ಡೆಯನ್ನೆಲ್ಲ ಅಗೆದು, ನೆರಳಲ್ಲಿ ಹರವಿ, ಮಣ್ಣು ಒಣಗಿದ ಮೇಲೆ ಒಳಗಿಟ್ಟಳು. ಸೀಮೆಬದನೆಯ ಕಾಯಿ ಇಳಿಸಿ, ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡಕ್ಕೆ ಮಣ್ಣು ಏರಿಸಿ ಮೇಲೆ ಲದ್ದಿ ಹಾಸಿದಳು. ಗಜ್ಜರಿ ಮತ್ತು ಬೀಟ್‌ರೂಟನ್ನು ನೆಲದಲ್ಲೇ ಬಿಟ್ಟು ಸಾಲಿನ ಮೇಲೆ ಒಣ ಎಲೆ ಹೊದಿಸಿದಳು. ಬರುವ ವರ್ಷಕ್ಕೆಂದು ಮೂಲೆಯಲ್ಲಿ ಗೊಬ್ಬರದ ಹೊಸ ಗುಂಡಿಯನ್ನೂ ತೋಡತೊಡಗಿದಳು. ಅವಳು ಆ ಗುಂಡಿ ತೋಡುವಾಗ ರಾಚಪ್ಪ ಬಾಗಿಲಲ್ಲಿ ನಿಂತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ.

"ಯಾಕ್ ಹಂಗ್ ನಿಂತ್ಕಂಡ್ರಿ? ಏನಾರ ಹೇಳ್ಬೇಕಿತ್ತಾ?" ಎಂದು ಅವಳೇ ಕೇಳಿದಳು.

"ಏನಿಲ್ಲ. ಗುದ್ಲಿ ಕೊಡು, ನಾನ್ ಅಗೀತೀನಿ."

ಅವನು ಅಗೆದ. ನಿಜವಾಗಿಯೂ ಆಳವಾಗಿ, ಅಂಚು ಕೂಡ ಸರಿಮಾಡಿ ಅಗೆದ. ಅವಳು ದಿಣ್ಣೆಯ ಮೇಲೆ ಕೂತು ಸೊಂಟಕ್ಕೆ ಕೈಕೊಟ್ಟು, ಗಂಡ ಅಗೆಯುವುದನ್ನೇ ನೋಡಿದಳು. ಆ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಕೆಳಗಿನಿಂದ ನೋಡಬೇಕಾಯಿತು.

ಹಬ್ಬ ಕಳೆಯಿತು. ಒಂದು ದಿನ ಗಾಳಿ ನಿಂತಿತು. ಗುರುಮಲ್ಲಮ್ಮ ಕೈಯೆತ್ತಿ ಅತ್ತಿತ್ತ ಆಡಿಸಿ, ಮೂಗೆತ್ತಿ ಆಕಾಶ ನೋಡಿ, "ನಾಳೆ ಬೀಳ್ತದೆ," ಎಂದಳು. ಬಿಸಿಲಿರುವಾಗಲೇ ಪಾತಿಗಳಿಗೆಲ್ಲ ನೀರು ಕುಡಿಸಿದಳು. ನೆನೆದ ಮಣ್ಣು ಹಗಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಂಜೆಗೆ ರಾಚಪ್ಪ ಕಾಡಂಚಿನಿಂದ ಜರಿಗಿಡದ ಸೊಪ್ಪನ್ನು ದೊಡ್ಡ ಹೊರೆ ಮಾಡಿ ಹೊತ್ತು ತಂದ. ಇಬ್ಬರೂ ಸೇರಿ ಕೋಸಿನ ಸಾಲುಗಳಿಗೆ ಹೊದಿಸಿದರು. ಕೊನೆಗೆ ಅವಳು ನನ್ನನ್ನು ಸರಿಯಾಗಿ ಕೂರಿಸಿ, ಸಂದುಗಳಿಗೆ ಹಳೆಯ ಸೀರೆ ತುರುಕಿ, ಮೇಲೊಂದು ಗೋಣಿ ಹಾಸಿದಳು.

"ಈ ಸಲ ನೀವೂ ಬಂದ್ರಿ, ಬ್ಯಾಗ ಮುಗೀತು," ಎಂದಳು. ಗೋಣಿಯ ಅಡಿಯಿಂದ ಅವನ ಮುಖ ನನಗೆ ಕಾಣಲಿಲ್ಲ.

ಬೆಳಗ್ಗೆ ಎಲ್ಲವೂ ಬೆಳ್ಳಗಿತ್ತು. ಬಿಸಿಲು ಗುಡ್ಡ ದಾಟುವ ಮುನ್ನವೇ ಅವಳು ಬಂದು, ತೊಟ್ಟಿಯ ನೀರನ್ನು ಎಲೆಗಳ ಮೇಲೆ ಚಿಮುಕಿಸಿ ಹಿಮ ತೊಳೆದಳು. ಜರಿ ಸೊಪ್ಪು ಸರಿಸಿ ನೋಡಿದಳು. ಕೋಸು ಹಸಿರಾಗಿಯೇ ಇತ್ತು. ಗೋಣಿ ತೆಗೆದು ನನ್ನನ್ನು ಎತ್ತಿದಳು. ಮೆಣಸಿನ ಗಿಡದಲ್ಲಿ ಒಂದು ಎಲೆಯೂ ಬಾಡಿರಲಿಲ್ಲ. "ಒಂದೂ ಹೋಗಿಲ್ಲ ಕನ್ರೀ!" ಎಂದು ಮನೆಯತ್ತ ಕೂಗಿದಳು. ಹದಿನಾರರ ಹುಡುಗಿಯ ದನಿ ಅದು.

ಆಗಲೇ ಮೇಲಿನಿಂದ ಮೂರು ಜನ ಆಳುಗಳು ಗೆರೆ ಹಾಕಲು ಸುಣ್ಣದ ಪುಡಿಯ ಡಬ್ಬ ಹಿಡಿದು ಇಳಿದರು. ಅವರ ಹಿಂದೆ ಮ್ಯಾನೇಜರು. ರಸ್ತೆಯಲ್ಲಿ ಮಣ್ಣು ತೆಗೆಯುವ ಮೆಷೀನು ಗುಡುಗುಟ್ಟುತ್ತಿತ್ತು.

ಮ್ಯಾನೇಜರು ಅವಳಿಗೆ ಕೈಮುಗಿದರು. "ಅಮ್ಮ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಇಷ್ಟು ವರ್ಷ ಮಾಡಿದ ತೋಟ ಬಿಟ್ಟುಕೊಡೋಕೆ ಯಾರಿಗೂ ಮನಸ್ಸು ಬರಲ್ಲ. ನೀವಾಗೇ ಕೊಟ್ಬಿಡಿ ಅಂದ್ರಂತೆ. ಧಣಿಗಳಿಗೂ ಹೇಳಿದೀನಿ."

"ಯಾರಂದ್ರು?"

"ನೀವೇ. ಸೊಂಟ ಬಗ್ಗಿಸೋಕಾಗಲ್ಲ, ಸಾಕಾಯ್ತು ಅಂದ್ರಂತಲ್ಲ. ರಾಚಪ್ಪ ಹೇಳಿದ."

ಗುರುಮಲ್ಲಮ್ಮ ತಿರುಗಿದಳು. ರಾಚಪ್ಪ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಅವನು ಅವಳನ್ನು ನೋಡಲಿಲ್ಲ. ನಾನಿನ್ನೂ ಅವಳ ಕೈಯಲ್ಲೇ ಇದ್ದೆ. ಅವಳೊಂದು ಮಾತು ಆಡಿದ್ದರೆ ಆ ಹಿತ್ತಲು ಉಳಿಯುತ್ತಿತ್ತು. ಆದರೆ ಗಂಡ ಆಳುಗಳ ಮುಂದೆ ಸುಳ್ಳನಾಗುತ್ತಿದ್ದ, ಕೆಲಸವೂ ಹೋಗುತ್ತಿತ್ತೇನೋ. ಇದೆಲ್ಲ ಅವಳ ಕಣ್ಣ ಮುಂದೆ ಹಾದುಹೋಯಿತೆಂದು ನನಗೆ ಗೊತ್ತು. ನನ್ನನ್ನು ಮೆಲ್ಲಗೆ ಇಟ್ಟಿಗೆಗಳ ಮೇಲಿಳಿಸಿದಳು.

"ಇವತ್ತೊಂದಿನ ಬುಡಿ ಸ್ವಾಮಿ. ಇರೋದ ಕಿತ್ಕೊಂಡ್ಬುಡ್ತೀನಿ. ನಾಳೆ ಮಾಡ್ಕೊಳಿ," ಎಂದಳು.

ಅವರು ಹೋದರು. ರಾಚಪ್ಪ ಇಳಿದು ಬಂದು ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ಈ ತಗ್ಗಲ್ಲಿ ಚಳಿ ನಿಂಗೂ ಆಗಾಕಿಲ್ಲ ಗುರುಮಲ್ಲಿ. ಮ್ಯಾಲೆ ರೂಮು ಕೊಡ್ತಾರೆ. ಬಿಸ್ನೀರ್ ಬತ್ತದೆ. ನಿಂಗೂ ಒಳ್ಳೇದೇ ಅಂತ..."

"ರೂಮಿನ್ ಮಾತ್ ಬುಡಿ. ನೆನ್ನೆ ಸಂಜೆ ಜರಿ ಸೊಪ್ಪು ಹೊತ್ಕಂಡ್ ಬಂದ್ರಲ್ಲ, ಆಗ ನಿಮ್ಗೆ ಗೊತ್ತಿತ್ತಾ?"

ಅವನು ಹುಲ್ಲೊಂದನ್ನು ಕಿತ್ತ. "ಗೊತ್ತಿತ್ತು."

"ಗುಂಡಿ ಅಗುದ್ರಲ್ಲ, ಆಗ?"

"ಗೊತ್ತಿತ್ತು ಕನೆ."

"ಗೊತ್ತಿದ್ದೂ ಯಾಕ್ ಅಗುದ್ರಿ?"

"ನೀನು ಅಷ್ಟ್ ಖುಷಿಯಾಗಿದ್ದೆ. ಹೆಂಗ್ ಹೇಳಾದು ಅಂತ ತಿಳೀನಿಲ್ಲ."

ಅವಳು ಅಳಲಿಲ್ಲ. "ಜಾಗ ಅವರ್ದು," ಎಂದಳು. "ಅವರು ಬೇಕು ಅಂದ್ರೆ ಬ್ಯಾಡ ಅನ್ನಾಕೆ ನಾನ್ಯಾರು. ನೀವ್ ಬಂದು, ಹಿಂಗಾಗದೆ, ಕೊಟ್ಬುಡುವ ಅಂದಿದ್ರೆ ಒಂದಿನ ಅತ್ತು ಕೊಡ್ತಿದ್ನೋ ಏನೋ. ನಾನ್ ಆಡ್ದೆ ಇರೋ ಮಾತ ನನ್ ಬಾಯಿಗ್ ತುರುಕ್ಬುಟ್ರಲ್ಲ. ಈ ಹಿತ್ಲು ಸಾಕು ಅಂತ ನಾನಂದ್ನಾ? ಯಾವತ್ತಾರ ಅಂದಿದ್ನಾ?"



ಆ ಹಗಲೆಲ್ಲ ಅವಳು ಕಿತ್ತಳು. ಕೋಸು, ಬೀಟ್‌ರೂಟು, ಬೆರಳುದ್ದದ ಗಜ್ಜರಿ ಕೂಡ. ಲೈನಿನ ಹೆಂಗಸರು ಬಂದು ಬುಟ್ಟಿ ತುಂಬಿಕೊಂಡು ಹೋದರು. "ಯಾಕಕ್ಕ ಎಳೇದ್ನೆಲ್ಲ ಕಿತ್ಬುಟ್ಟೆ?" ಎಂದು ಕೇಳಿದವರಿಗೆ "ಕಾರು ನಿಲ್ಲಿಸ್ತಾರಂತೆ," ಎಂದಷ್ಟೇ ಹೇಳಿದಳು. ಮೆಣಸಿನ ಗಿಡಗಳನ್ನು ಮಣ್ಣಿನ ಸಮೇತ ಎಣ್ಣೆ ಡಬ್ಬಗಳಿಗೆ ಇಳಿಸಿದಳು. ಆಮೇಲೆ ತಲೆಗೆ ಸಿಂಬಿ ಇಟ್ಟು ನನ್ನನ್ನು ಹೊತ್ತಳು. ರಾಚಪ್ಪ ಕೈಚಾಚಿದ. "ಭಾರ ಅದೆ, ನಾನ್ ಹೊತ್ಕೋತೀನಿ ಕೊಡು."

"ಬ್ಯಾಡ."

ರಸ್ತೆಯ ಮೇಲುಗಡೆ ಹೆಣ್ಣುಮಕ್ಕಳ ಹಾಸ್ಟೆಲೊಂದಿತ್ತು. ಅಲ್ಲಿ ಅಡುಗೆ ಮಾಡುತ್ತಿದ್ದ ಜಯಶೀಲಮ್ಮ ಕೊಳ್ಳೇಗಾಲದವಳು. ಗುರುಮಲ್ಲಮ್ಮನ ಕೊತ್ತಂಬರಿಯ ಹಳೆಯ ಗಿರಾಕಿ. ಹಾಸ್ಟೆಲಿನ ಹಿಂದಿನ ಇಳಿಜಾರು ಬರೀ ಕಲ್ಲು, ಪೊದೆ. ಅಡುಗೆಮನೆಗೆ ಕೈಯಾಳೊಬ್ಬಳು ಬೇಕೆಂದು ಜಯಶೀಲಮ್ಮ ಹಿಂದೊಮ್ಮೆ ಹೇಳಿದ್ದಳು. ಗುರುಮಲ್ಲಮ್ಮ ನನ್ನನ್ನು ಅಲ್ಲಿನ ಗೋಡೆಗೆ ಒರಗಿಸಿ, "ಕೆಲ್ಸ ಇನ್ನೂ ಅದಾ?" ಎಂದು ಕೇಳಿದಳು. ಜಯಶೀಲಮ್ಮ ಅವಳ ಮುಖ ನೋಡಿ, ಏನೂ ಕೇಳದೆ, ಉಗ್ರಾಣದ ಪಕ್ಕದ ಚಿಕ್ಕ ಕೋಣೆಯ ಬೀಗ ತೆಗೆದಳು.

ರಾಚಪ್ಪನಿಗೆ ಮೇಸ್ತ್ರಿ ಕೆಲಸ ಸಿಕ್ಕಿತು, ಕೋಣೆ ಸಿಕ್ಕಿತು, ಕೋಟೂ ಸಿಕ್ಕಿತು. ಅದನ್ನು ಹಾಕಿಕೊಂಡೇ ಒಂದು ಭಾನುವಾರ ಹಾಸ್ಟೆಲಿನ ಹಿಂದಕ್ಕೆ ಬಂದ. ಗುರುಮಲ್ಲಮ್ಮ ಕಲ್ಲು ಆಯುತ್ತಿದ್ದಳು. ಕೋಟು ಅವನಿಗೆ ಸ್ವಲ್ಪ ದೊಡ್ಡದಾಗಿ ತೋಳು ಬೆರಳ ಮೇಲೆ ಬೀಳುತ್ತಿತ್ತು.

"ರೂಮಲ್ಲಿ ಒಬ್ನೇ ಅವ್ನಿ," ಎಂದ. "ಮಗ್ಳಿಗೆ ಗೊತ್ತಾದ್ರೆ ಏನಂದಾಳು. ಬಾ ಗುರುಮಲ್ಲಿ. ಬತ್ತೀಯಾ?"

ಅವಳು ಕೈಯ ಮಣ್ಣು ಕೊಡವಿ ಎದ್ದು ನಿಂತಳು. "ಅವತ್ತು ಕೇಳ್ದೆನೇ ನನ್ ಮಾತ ಕೊಟ್ಬುಟ್ರಿ. ಇವತ್ತು ಕೇಳ್ತಾ ಇದ್ದೀರಿ. ಕೇಳಿದ್ಕೆ ಹೇಳ್ತೀನಿ. ಬರಾಕಿಲ್ಲ."

ಅವನಿಗೆ ಕಾಫಿ ತಂದುಕೊಟ್ಟಳು. ಕುಡಿದು ಹೋದ. ಆಮೇಲೂ ಬರುತ್ತಿದ್ದ, ಹಬ್ಬಕ್ಕೊಮ್ಮೆ, ಜ್ವರ ಬಂದಾಗೊಮ್ಮೆ. ಬಂದಾಗ ಕಷಾಯ ಮಾಡಿಕೊಡುತ್ತಿದ್ದಳು, ಊಟ ಹಾಕುತ್ತಿದ್ದಳು. ಅವಳು ಮಾತ್ರ ಅವನ ಜೊತೆ ಹಿಂದಿರುಗಿ ಹೋಗಲಿಲ್ಲ.

ನಾನೀಗ ಮುದಿಯಾಗಿದ್ದೇನೆ. ಎರಡು ಗಾಜು ಆಲಿಕಲ್ಲಿಗೆ ಹೋದವು. ಚೌಕಟ್ಟಿನ ಕೆಳಗಿನ ಪಟ್ಟಿಗೆ ಗೆದ್ದಲು ಹತ್ತಿದೆ. ಸಸಿಗಳಿಗೆ ಹೊದಿಸಲು ಹಾಸ್ಟೆಲಿನವರು ಪ್ಲಾಸ್ಟಿಕ್ ಹಾಳೆ ತಂದರು. ಹಗುರ, ಸುತ್ತಿ ಎತ್ತಿಡಬಹುದು. ನಾನು ಸೌದೆ ಕೊಟ್ಟಿಗೆಯ ಪಕ್ಕದಲ್ಲಿ ಬಿದ್ದಿದ್ದೇನೆ. ಇದಕ್ಕೆ ನನಗೆ ದುಃಖವಿಲ್ಲ. ನಾನು ಕಾಯಬೇಕಾದ ಗಿಡಗಳನ್ನು ಕಾದೆ. ನನ್ನ ಸಂಕಟ ಬೇರೆಯೇ. ಹಿಮಕ್ಕೂ ಒಂದು ನಡತೆ ಇದೆ. ಗಾಳಿ ನಿಲ್ಲಿಸಿ, ಆಕಾಶ ತೆರೆದು, ನಾಳೆ ಬರುತ್ತೇನೆಂದು ಹೇಳಿಯೇ ಬರುತ್ತದೆ. ಅದಕ್ಕೆ ಸೊಪ್ಪು ಹೊದಿಸಬಹುದು, ಗಾಜು ಮುಚ್ಚಬಹುದು. ಪಕ್ಕದಲ್ಲಿ ಕೂತು ಉಂಡವನು, ಗುದ್ದಲಿ ಇಸಿದುಕೊಂಡು ತಾನೇ ಗುಂಡಿ ಅಗೆದುಕೊಟ್ಟವನು ಒಳಗೆ ಏನಿಟ್ಟುಕೊಂಡಿದ್ದಾನೆಂದು ಹೇಗೆ ತಿಳಿಯುವುದು? ನನಗೆ ತಿಳಿದಿತ್ತು, ಹೇಳಲಾಗಲಿಲ್ಲ. ಅವಳಿಗೆ ಹೇಳಬಹುದಾಗಿದ್ದವನು ಹೇಳಲಿಲ್ಲ.

ಹಾಸ್ಟೆಲಿಗೆ ವರ್ಷವರ್ಷವೂ ಹೊಸ ಹುಡುಗಿಯರು ಬರುತ್ತಾರೆ. ಮೊನ್ನೆ ಒಬ್ಬಳು ಬಟ್ಟೆ ಒಣಹಾಕಲು ಬಂದವಳು, ಪಾತಿ ಮಾಡುತ್ತಿದ್ದ ಗುರುಮಲ್ಲಮ್ಮನನ್ನು ಮಾತಿಗೆಳೆದಳು.

"ಅಜ್ಜಿ, ನಿಮ್ಮ ಯಜಮಾನರು ಅಲ್ಲೇ ಕೆಳಗಿನ ಹೋಟೆಲಲ್ಲಿ ಇದ್ದಾರಂತೆ? ಮತ್ತೆ ನೀವ್ಯಾಕೆ ಇಲ್ಲಿ? ಅವರೇನು ಮಾಡಿದ್ರು?"

ಗುರುಮಲ್ಲಮ್ಮ ತಲೆಯೆತ್ತಲಿಲ್ಲ. ಬೀಜ ಊರಿ, ಮೇಲೆ ಮಣ್ಣು ಎಳೆದು, ಅಂಗೈಯಿಂದ ತಟ್ಟಿದಳು.

"ಅದ ಅವ್ರನ್ನೇ ಕೇಳವ್ವ," ಎಂದಳು. "ಅವ್ರ್ ಮಾತ ನಾನ್ಯಾಕ್ ಆಡ್ಲಿ?"